ಚೂರಿಗೆ ಊದಿದ ಉಸಿರು

ಕೆಂಗುಡ್ಡದ ಅಮೀನಾಬೀ ಹುಟ್ಟಾ ಅಂಜುಬುರುಕಿ. ಗುಡುಗಿದರೆ ಬೀಸುವ ಕಲ್ಲಿನ ಪಕ್ಕ ಮುದುಡಿ ಕೂಡುವಳು. ಹಳ್ಳಕ್ಕೆ ಮೊಣಕಾಲು ನೀರು ಬಂದರೂ ಆಚೆ ದಂಡೆಗೆ ಹೋಗುವ ಮಾತೇ ಇಲ್ಲ. ಕುಷ್ಟಗಿಯಿಂದ ಪೊಲೀಸ್ ಅಮೀನನ ಕುದುರೆ ಬಂತೆಂದರೆ, ಮನೆಯಲ್ಲಿ ಕದ್ದ ಜೋಳದ ಕಾಳೊಂದು ಇಲ್ಲದಿದ್ದರೂ, ಅಗಳಿ ಹಾಕಿಕೊಂಡು ಅದು ಊರು ದಾಟುವವರೆಗೆ ಉಸಿರು ಬಿಗಿಹಿಡಿಯುವಳು. ಊರಿನ ಹೆಂಗಸರು ಆಡಿಕೊಂಡು ನಗುತ್ತಿದ್ದರು. ನಗಲಿ ಬಿಡಿ, ಅಂಜಿದವರ ಮೇಲೆ ಕಪ್ಪೆ ಎಸೆಯುವುದು ಲೋಕದ ರೂಢಿ. ಆದರೆ ಆಕೆಯ ಬಾಳಿನಲ್ಲಿ ಒಂದು ಅಂಜಿಕೆ ಮಾತ್ರ ನಗುವಂಥದ್ದಾಗಿರಲಿಲ್ಲ. ಅದನ್ನು ಆಕೆ ಒಂದೇ ಒಂದು ಸಲ ಹೊರಗೆ ಬಾಯಿಬಿಟ್ಟಳು. ಆ ಒಂದು ಸಲವೇ ಮನೆಗೆ ಮುಳುವಾಯಿತು.

ಗಂಡ ನಜೀರಸಾಬ ಊರಿನ ಮುಲ್ಲಾ. ಮುಲ್ಲಾ ಎಂದರೆ ಮಸೀದಿಯಲ್ಲಿ ಬಾಂಗ್ ಕೂಗುವವನಷ್ಟೇ ಅಲ್ಲ. ಹನುಮಸಾಗರದ ಸುತ್ತಿನ ಆ ಹಳ್ಳಿಗಳಲ್ಲಿ ಕುರಿಯಾಗಲಿ ಕೋಳಿಯಾಗಲಿ, ಮುಲ್ಲಾ ಬಂದು ದೇವರ ಹೆಸರು ಹೇಳಿ ಕೊಯ್ದರೇನೇ ಒಲೆಗೆ ಏರುತ್ತಿತ್ತು. ಮುಸಲ್ಮಾನರ ಮನೆಗೆ ಮಾತ್ರ ಈ ಕಟ್ಟಳೆ ಎಂದುಕೊಳ್ಳಬೇಡಿ. ಕುರುಬರು, ಬೇಡರು, ಅಂಬಿಗರು, ಎಲ್ಲರಿಗೂ ಅದೇ. ದ್ಯಾಮವ್ವನಿಗೆ ಬಿಟ್ಟ ಮರಿಯಾದರೂ ಸರಿ, ಮುಲ್ಲಾನ ಬಾಯಿಯ ಮಾತು ತಾಗದಿದ್ದರೆ ನಾಲಗೆಗೆ ರುಚಿ ಹತ್ತುತ್ತಿರಲಿಲ್ಲ. ದೂರದ ಕುರಿದೊಡ್ಡಿಗಳಲ್ಲಿ ಇರುವವರಿಗೆ ಪ್ರತಿ ಸಲ ಮುಲ್ಲಾನನ್ನು ಕರೆತರುವುದು ಆಗದ ಮಾತು. ಅವರು ಅಮಾವಾಸ್ಯೆಗೊಮ್ಮೆ ತಮ್ಮ ಚೂರಿಯನ್ನೇ ತಂದು ಅವನ ಮುಂದೆ ಇಡುವರು. ಅವನು ಬಿಸ್ಮಿಲ್ಲಾ ಎಂದು ಓದಿ ಅಲಗಿನ ಮೇಲೆ ಉಸಿರು ಊದಿ ಕೊಡುವನು. ಮುಂದಿನ ಅಮಾವಾಸ್ಯೆಯವರೆಗೆ ಆ ಚೂರಿಯಲ್ಲಿ ಮುಲ್ಲಾನ ಬಾಯಿ ಇರುತ್ತದೆಂದು ನಂಬಿಕೆ. ಇದಕ್ಕೆ ಚೂರಿ ಓದಿಸುವುದು ಎನ್ನುತ್ತಿದ್ದರು. ಸುಗ್ಗಿಯಲ್ಲಿ ಮನೆಮನೆಯಿಂದ ಜೋಳ, ಮರಿ ಕೊಯ್ದಾಗ ಕುತ್ತಿಗೆಯ ಪಾಲು, ಇಷ್ಟರಲ್ಲಿ ಗಂಡ ಹೆಂಡತಿ ಬದುಕಿದ್ದರು. ಇದ್ದೊಬ್ಬ ಮಗಳನ್ನು ಗಂಗಾವತಿಗೆ ಕೊಟ್ಟಿದ್ದರು.

ನಿಜಾಮರ ಆಳಿಕೆ ಇನ್ನೂ ಗಟ್ಟಿಯಾಗಿದ್ದ ಕಾಲ, ಸಾವಿರದ ಒಂಬೈನೂರ ಮೂವತ್ತೆಂಟರ ಆಸುಪಾಸು. ಒಂದು ಮುಂಜಾನೆ ಯಾರದೋ ಹರಕೆಗೆ ನಜೀರಸಾಬ ಒಂದು ಕುರಿ ಕೊಯ್ದ. ಅದು ಗಬ್ಬದ ಕುರಿ ಎಂದು ಕೊಟ್ಟವನಿಗೂ ಗೊತ್ತಿರಲಿಲ್ಲ, ಕೊಯ್ದವನಿಗೂ ಗೊತ್ತಿರಲಿಲ್ಲ. ಹೊಟ್ಟೆ ಸೀಳಿದಾಗ ಒಳಗೆ ಮೈತುಂಬ ಕೂದಲು ಬಂದ ಮರಿ ಇತ್ತು. ಅದು ಒಂದೆರಡು ಸಲ ಬಾಯಿ ತೆರೆದು ಮುಚ್ಚಿತಂತೆ. ಅಂದಿನಿಂದ ನಜೀರಸಾಬನಿಗೆ ಅನ್ನ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ಆಗ ಅವನನ್ನು ಕೈಹಿಡಿದು ಒಬ್ಬ ಅಯ್ಯನ ಬಳಿಗೆ ಕರೆದೊಯ್ದವನು ಕುರುಬರ ಹುಸೇನಪ್ಪ. ಮಕ್ಕಳು ನಿಲ್ಲದ ತಾಯಿ ಮೊಹರಮ್ಮಿನಲ್ಲಿ ಹುಸೇನನ ಪಂಜಾಕ್ಕೆ ಹರಕೆ ಹೊತ್ತು ಹಡೆದ ಮಗನಾದ್ದರಿಂದ ಅವನಿಗೆ ಆ ಹೆಸರು. ಕುರಿ ಸಾಕಿ ಸಂತೆಗೆ ಹೊಡೆಯುವುದು ಅವನ ಕಸುಬು.

ಯಲಬುರ್ಗಾ ಕಡೆಯ ಒಂದು ಗುಡ್ಡದ ಮೇಲೆ ಆಗ ಆ ಅಯ್ಯ ಬಂದು ಕೂತಿದ್ದ. ತಲೆಗೆ ಹಸಿರು ರುಮಾಲು, ಕೊರಳಲ್ಲಿ ಲಿಂಗ. ಮುಂದೊಬ್ಬ ಬರುತ್ತಾನೆಂದು ಶರಣರು ಹೇಳಿದವನೂ ಪೀರರು ಹೇಳಿದವನೂ ಒಬ್ಬನೇ, ಅವನು ಬಂದಾಗಿದೆ ಎಂದು ಅವನ ಶಿಷ್ಯರು ಹೇಳಿಕೊಂಡು ತಿರುಗುತ್ತಿದ್ದರು. ಅಯ್ಯ ಕಲ್ಮಾದ ಬೆನ್ನಿಗೇ ವಚನ ಹೇಳುತ್ತಿದ್ದ. ದೇವರು ಅರಬರಿಗೆ ಅರಬಿಯಲ್ಲಿ ಆಡಿದ ಮಾತನ್ನೇ ನಮ್ಮವರಿಗೆ ಕನ್ನಡದಲ್ಲಿ ಆಡಿದ್ದಾನೆ, ಕಲಿತವರು ಅದನ್ನು ತಿಳಿಯದೆ ಬಾಗಿಲು ಕಾಯುತ್ತ ಕೂತಿದ್ದಾರೆ, ದೇವರ ಮನೆಗೆ ಬಾಗಿಲೇ ಇಲ್ಲ ಎನ್ನುತ್ತಿದ್ದ. ಗುರುವಾರ ಸಂಜೆ ಅವನ ಕಡೆಯವರು ಯಾವುದಾದರೂ ಒಂದು ಮನೆಯಲ್ಲಿ ಒಂದೇ ದೀಪ ಹಚ್ಚಿ ಸುತ್ತ ಕೂಡುವರು, ಒಂದೇ ಬೋಗುಣಿಯ ನೀರನ್ನು ಎಲ್ಲ ಜಾತಿಯವರೂ ಕುಡಿಯುವರು. ಊರ ಬಾಯಲ್ಲಿ ಅವರು ಒಂದು ದೀಪದವರು. ಬೋಗುಣಿಯ ನೀರು ಕುಡಿದವನು ಒಂದು ಮಾತು ಕೊಡಬೇಕಿತ್ತು, ಇನ್ನು ಜೀವ ತೆಗೆಯುವುದಿಲ್ಲ ಎಂದು. ನಜೀರಸಾಬ ಕುಡಿದು, ಮಾತು ಕೊಟ್ಟು, ಮನೆಗೆ ಬಂದು ಹೆಂಡತಿಗೆ ಹೇಳಿದ. ಅಂದು ಅವನು ಹೊಟ್ಟೆತುಂಬ ಉಂಡು ಮಲಗಿದ. ಕಣ್ಣು ಮುಚ್ಚದೆ ಬಿದ್ದುಕೊಂಡವಳು ಅಮೀನಾಬೀ.

ಮುಲ್ಲಾ ಕೊಯ್ಯದೆ ಇದ್ದರೆ ಊರು ಸುಮ್ಮನಿದ್ದೀತೇ? ಅದಕ್ಕೂ ನಜೀರಸಾಬ ಒಂದು ದಾರಿ ಕಂಡುಕೊಂಡ. ಬಲಗೈ ಮಣಿಕಟ್ಟಿಗೆ ವಾಯು ಹಿಡಿದಿದೆ ಎಂದು ಅರಿವೆ ಸುತ್ತಿಕೊಂಡು, ಎಲ್ಲರಿಗೂ ಚೂರಿ ಓದಿ ಕೊಡತೊಡಗಿದ. ನೀವೇ ಕೊಯ್ದುಕೊಳ್ಳಿರಿ, ಬಾಯಿ ನನ್ನದೇ ಇದೆಯಲ್ಲ ಎಂದ. ದೊಡ್ಡಿಯವರಿಗೆ ನಡೆಯುವುದು ಊರವರಿಗೆ ನಡೆಯದೇನು? ಜನ ಒಪ್ಪಿಕೊಂಡರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆದರೆ ಅಮೀನಾಬೀಗೆ ಹಗಲೂ ರಾತ್ರಿ ಆ ಅರಿವೆಯದೇ ಚಿಂತೆ. ಸ್ನಾನ ಮಾಡಿ ಬಿಚ್ಚಿಟ್ಟಾಗ ಅವನು ಅದನ್ನು ಮರೆತು ಹೊರಗೆ ಹೋದರೆ, ಆಕೆ ಬಾವಿಯವರೆಗೆ ಓಡಿಹೋಗಿ ಕೈಗೆ ಕಟ್ಟಿ ಬರುತ್ತಿದ್ದಳು. ಒಮ್ಮೆ ಅವಸರದಲ್ಲಿ ಎಡಗೈಗೆ ಕಟ್ಟಿದ್ದಳು. ಯಾರೂ ನೋಡಲಿಲ್ಲವೆಂಬುದು ಅವಳ ಪುಣ್ಯ.

ಹೀಗೆ ಒಂದು ವರ್ಷದ ಮೇಲಾಯಿತು. ಆಮೇಲೆ ಹೈದರಾಬಾದಿನಿಂದ ಒಬ್ಬ ಮೌಲವಿ ಹನುಮಸಾಗರಕ್ಕೆ ಬಂದ. ಒಂದು ದೀಪದವರ ಸುದ್ದಿ ಹೈದರಾಬಾದಿನವರೆಗೂ ಮುಟ್ಟಿತ್ತು. ಹಳ್ಳಿಯ ಮುಸಲ್ಮಾನರು ದೀನು ಎಂಬ ಧರ್ಮ ಯಾವುದು, ಬರಿ ರೂಢಿ ಯಾವುದು ಎಂದು ತಿಳಿಯದೆ ಹಾಳಾಗುತ್ತಿದ್ದಾರೆಂದು ಅವನಿಗೆ ನಿಜವಾಗಿಯೂ ಸಂಕಟವಿತ್ತು. ಒದರುವವನಲ್ಲ, ಬಯ್ಯುವವನಲ್ಲ. ಮೆತ್ತಗಿನ ದನಿ, ಮಕ್ಕಳಿಗೆ ಕೊಡಲು ಜೇಬಿನಲ್ಲಿ ಕಲ್ಲುಸಕ್ಕರೆ. ಒದರುವವನಾಗಿದ್ದರೆ ಅಮೀನಾಬೀ ಮೊದಲ ದಿನವೇ ತವರಿನಿಂದ ಎದ್ದು ಊರಿಗೆ ಬಂದುಬಿಡುತ್ತಿದ್ದಳು. ಹನುಮಸಾಗರದಲ್ಲಿ ಅವಳ ಅಣ್ಣನ ಮನೆ, ಆಗ ಅಲ್ಲಿಗೆ ಬಂದಿದ್ದವಳು ಅತ್ತಿಗೆಯ ಜೊತೆ ವಾಜ್ ಎಂಬ ಧರ್ಮಬೋಧೆ ಕೇಳಲು ಹೋಗಿ ಪರದೆಯ ಹಿಂದೆ ಕೂತಿದ್ದಳು.

ಅವರ ಮನೆಮಾತು ಕನ್ನಡ. ಮೌಲವಿಯ ಉರ್ದುವಿನಲ್ಲಿ ಅರ್ಧ ತಿಳಿಯಿತು, ತಿಳಿಯದ ಅರ್ಧವೇ ಹೆಚ್ಚು ಹೆದರಿಸಿತು. ಆ ಬೋಗುಣಿಯ ನೀರು ಕುಡಿದವನ ಈಮಾನು, ದೇವರ ಮೇಲಿನ ನಂಬಿಕೆಯೇ, ಹೋಯಿತು ಎಂದ. ಈಮಾನು ಹೋದವನ ನಿಕಾ ಮುರಿಯಿತು, ಅವನ ಜೊತೆ ಒಂದೇ ಚಾಪೆಯ ಮೇಲೆ ಮಲಗುವ ಹೆಂಗಸು ಹರಾಮಿನಲ್ಲಿ ಮಲಗಿದಂತೆ. ಅವನು ಸತ್ತರೆ ಮೈ ತೊಳೆಯುವವರಿಲ್ಲ, ಜನಾಜಾ ನಮಾಜಿಲ್ಲ, ಖಬರಸ್ತಾನದಲ್ಲಿ ಜಾಗವಿಲ್ಲ. ಊದಿದ ಚೂರಿ ಎಂಬುದೆಲ್ಲ ಬರಿ ಕಬ್ಬಿಣ. ಅಮೀನಾಬೀ ಕೂತಲ್ಲೇ ಲೆಕ್ಕ ಹಾಕತೊಡಗಿದಳು. ಈ ವರ್ಷವೆಲ್ಲ ತಾನು ಮಲಗಿದ್ದು ಯಾರ ಮಗ್ಗುಲಲ್ಲಿ? ಊರಿಗೆ ಊರೇ ಏನು ಉಂಡಿತು? ತನ್ನ ಒಲೆಯಲ್ಲಿ ಬೆಂದ ಕುತ್ತಿಗೆಯ ಪಾಲು ಏನಾಗಿತ್ತು?

ವಾಜ್ ಮುಗಿದ ಮೇಲೆ ಹೆಂಗಸರು ತಮ್ಮ ಸಂದೇಹಗಳನ್ನು ಹೇಳಿಕಳಿಸಬಹುದಿತ್ತು. ಪರದೆಯ ಆಚೆ ಈಚೆ ಓಡಾಡಿ ಮಾತು ಮುಟ್ಟಿಸುವವಳು ಪಿಂಜಾರರ ಮುದುಕಿ ಪಕ್ಕೀರವ್ವ. ಒಬ್ಬಾಕೆ ಉಪವಾಸದ ಬಗ್ಗೆ ಕೇಳಿದಳು, ಇನ್ನೊಬ್ಬಾಕೆ ಬಸುರಿಯ ತಾಯಿತದ ಬಗ್ಗೆ ಕೇಳಿದಳು. ಅಮೀನಾಬೀ ತಡೆಯದಾದಳು. ತನ್ನದಲ್ಲ, ತನ್ನ ಕಡೆಯ ಯಾರೋ ಒಬ್ಬ ಹೆಂಗಸಿನ ಸಂದೇಹ ಎಂದು ಸುಳ್ಳು ಕಟ್ಟಿ, ಪಕ್ಕೀರವ್ವನ ಕಿವಿಯಲ್ಲಿ ಕೇಳಿದಳು. ಒಬ್ಬ ಮುಲ್ಲಾ ಆ ನೀರು ಕುಡಿದಿದ್ದರೆ, ಅವನು ಓದಿಕೊಟ್ಟ ಚೂರಿಯಿಂದ ಕೊಯ್ದದ್ದು ಏನಾಯಿತು, ಅವನ ಹೆಂಡತಿ ಏನಾದಳು?

ಒಬ್ಬ ಗಂಡಸು ಎಂದಿದ್ದರೆ ಸಾಕಿತ್ತು. ಒಬ್ಬ ಕುರುಬ, ಒಬ್ಬ ಪಿಂಜಾರ ಎಂದಿದ್ದರೂ ನಡೆಯುತ್ತಿತ್ತು. ಆದರೆ ಅಂಜಿದವರ ಬುದ್ಧಿ ಹಾಗೆಯೇ, ಬಚ್ಚಿಡಬೇಕಾದದ್ದನ್ನೇ ಮೊದಲು ಎತ್ತಿ ತೋರಿಸುತ್ತದೆ. ಸುತ್ತಿನ ಹಳ್ಳಿಗಳಲ್ಲಿ ಇದ್ದ ಮುಲ್ಲಾಗಳು ಬೆರಳೆಣಿಕೆಯಷ್ಟು, ಅವರಲ್ಲಿ ಕೈಗೆ ಅರಿವೆ ಸುತ್ತಿಕೊಂಡು ಬರಿ ಊದಿ ಕೊಡುವವನು ಒಬ್ಬನೇ. ಮೌಲವಿ ಪರದೆಯ ಕಡೆ ತಿರುಗಿ, ಆ ತಾಯಿ ಗಾಬರಿಯಾಗುವುದು ಬೇಡ, ತೌಬಾದ, ಪಶ್ಚಾತ್ತಾಪದ, ಬಾಗಿಲು ತೆರೆದಿದೆ ಎಂದ. ಅದನ್ನು ಅಂದ ದನಿ ಎಷ್ಟು ಮೆತ್ತಗಿತ್ತೆಂದರೆ ಅಮೀನಾಬೀಗೆ ಅಳು ಬಂತು. ನಾಲ್ಕು ದಿನಕ್ಕೆ ಕೆಂಗುಡ್ಡಕ್ಕೆ ಹೇಳಿಕೆ ಬಂತು. ಬಕ್ರೀದಿನ ನಮಾಜನ್ನು ಮೌಲವಿ ಅಲ್ಲಿಯೇ ಮಾಡಿಸುತ್ತಾನೆ, ಮೊದಲ ಕುರ್ಬಾನಿ ಊರ ಮುಲ್ಲಾನ ಕೈಯಿಂದ, ಎಲ್ಲರ ಕಣ್ಣೆದುರು ಆಗಬೇಕು. ಮಾತಾಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹಬ್ಬದ ಹಿಂದಿನ ಮಧ್ಯಾಹ್ನ ನಜೀರಸಾಬ ಅಂಗಳದಲ್ಲಿ ಸಾಣೆಕಲ್ಲಿನ ಮುಂದೆ ಕೂತಿದ್ದ. ಚೂರಿ ಕಲ್ಲಿನ ಪಕ್ಕ ಬಿದ್ದಿತ್ತು, ಅವನು ಅದನ್ನು ಮುಟ್ಟಿರಲಿಲ್ಲ. ಅಮೀನಾಬೀ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಎದುರು ಕೂತಳು. ವಾಜ್ ಕೇಳಿ ಬಂದ ಮೂರು ವಾರವೂ ಆಕೆಯ ಬಾಯಿಗೆ ಬಂದು ಬಂದು ಒಳಗೆ ಹೋದ ಮಾತು ಈಗ ಹೊರಗೆ ಬಿತ್ತು.

"ಮೌಲವಿ ಸಾಹೇಬರ್ನ ಕೇಳಿದಾಕಿ ನಾನರಿ."

"ಗೊತ್ತೈತಿ," ಎಂದ ನಜೀರಸಾಬ. "ಪಕ್ಕೀರವ್ವನ ಬಾಯಾಗ ಯಾ ಮಾತು ನಿಂತೈತಿ?"

ಅವನು ಬಯ್ದಿದ್ದರೆ ಆಕೆಗೆ ಹಗುರಾಗುತ್ತಿತ್ತು. ಬಯ್ಯಲಿಲ್ಲ. ಕೊಯ್ಯುವುದಿಲ್ಲ ಎಂದಷ್ಟೇ ಹೇಳಿದ. ಆ ಮರಿ ಬಾಯಿ ತೆರೆದದ್ದು ಇನ್ನೂ ಕಣ್ಣಮುಂದೆ ಬರುತ್ತದೆ, ಅಯ್ಯನಿಗೆ ಕೊಟ್ಟ ಮಾತು ಕೊಟ್ಟದ್ದೇ ಎಂದ. ಆಕೆ ಗಂಗಾವತಿಯ ಮಗಳನ್ನು ನೆನಪಿಸಿದಳು. ಅಪ್ಪ ದೀನು ಬಿಟ್ಟವನೆಂದು ಬೀಗರಿಗೆ ತಿಳಿದರೆ ಅವಳನ್ನು ಮರುದಿನವೇ ಗಾಡಿ ಹತ್ತಿಸಿ ಕಳಿಸುತ್ತಾರೆ. ತನ್ನನ್ನು ಅಣ್ಣ ಬಂದು ಕರೆದೊಯ್ಯುತ್ತಾನೆ. ಮುರಿದ ನಿಕಾದ ಹೆಂಗಸು ಪರಗಂಡಸಿನ ಮನೆಯಲ್ಲಿ ಇರಬಾರದಂತೆ.

"ಕೊಯ್ದ್ರ ಅಲ್ಲಿ ಸುಳ್ಳಾಗ್ತೀನಿ, ಬಿಟ್ರ ಇಲ್ಲಿ ಸುಳ್ಳಾಗ್ತೀನಿ," ಎಂದ ಅವನು. "ನಿನಗೇನು ಬೇಕು ಹೇಳು ಅಮೀನಾ."

"ನನಗ ನೀವು ಬೇಕ್ರಿ. ನಾಳೆ ಸತ್ರ ನಿಮ್ಮನ್ನ ಹೊರಾಕ ನಾಕು ಮಂದಿ ಬೇಕು. ನಾಯಿ ಎಳಕೊಂಡು ಹೋಗೂದನ್ನ ನಾ ನೋಡ್ಲಾರೆ."

ನಜೀರಸಾಬ ಹೆಂಡತಿಯ ಮುಖ ನೋಡಿದ. ಆಕೆಯ ಕೈಗೆ ಅಂಟಿದ ಹಿಟ್ಟು ಒಣಗಿ ಉದುರುತ್ತಿತ್ತು. ಅವನು ಚೂರಿ ಎತ್ತಿಕೊಂಡು ಕಲ್ಲಿಗೆ ನೀರು ಚಿಮುಕಿಸಿದ. ಸಾಣೆಯ ಸಪ್ಪಳ ಕೇಳುತ್ತ ಅಮೀನಾಬೀ ಒಳಗೆ ಹೋಗಿ ಉಳಿದ ರೊಟ್ಟಿ ಬಡಿದಳು. ಬೇಡಿದ್ದು ಸಿಕ್ಕಿತ್ತು.

ಬಕ್ರೀದಿನ ಮುಂಜಾನೆ ಈದ್ಗಾದ ಮುಂದೆ ಊರೇ ನೆರೆಯಿತು. ಗೌಡ ದೇವೇಂದ್ರಪ್ಪ ರುಮಾಲು ಸುತ್ತಿಕೊಂಡು ಬಂದು ಬೇವಿನ ನೆರಳಲ್ಲಿ ನಿಂತಿದ್ದ. ಮರಿ ಬಂದದ್ದು ಹುಸೇನಪ್ಪನ ಹಿಂಡಿನಿಂದಲೇ, ಅದನ್ನು ಮಸೀದಿಯವರು ಸಂತೆಯಲ್ಲಿ ಕೊಂಡಿದ್ದರು. ಹುಸೇನಪ್ಪ ಜನರ ಹಿಂದೆ, ಒಂದು ಹಗ್ಗದುದ್ದ ದೂರದಲ್ಲಿ, ಕಂಬಳಿ ಹೊದ್ದು ನಿಂತಿದ್ದ. ಅಮೀನಾಬೀ ಹತ್ತಿರದ ಮಾಳಿಗೆಯ ಮೇಲೆ ಹೆಂಗಸರ ನಡುವೆ ಕೂತು ಸೆರಗು ಕಚ್ಚಿಕೊಂಡಿದ್ದಳು. ಗಂಡ ಮಣಿಕಟ್ಟಿನ ಅರಿವೆ ಬಿಚ್ಚಿದ. ಅದನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡ. ಮೌಲವಿ ಪಕ್ಕದಲ್ಲಿಯೇ ನಿಂತು ಅವನ ತುಟಿಯನ್ನು ನೋಡುತ್ತಿದ್ದ. ನಜೀರಸಾಬ ಎಲ್ಲರಿಗೂ ಕೇಳುವಂತೆ, ದನಿ ನಡುಗದಂತೆ ಬಿಸ್ಮಿಲ್ಲಾ ಅಲ್ಲಾಹು ಅಕ್ಬರ್ ಎಂದ. ಮರಿಗೆ ಒದ್ದಾಡಲೂ ಹೊತ್ತು ಸಿಗಲಿಲ್ಲ, ಅಷ್ಟು ಹದವಾಗಿ ಚೂರಿ ಆಡಿತು. ಬಿಟ್ಟ ಕಸುಬನ್ನು ಕೈ ಮರೆತಿರಲಿಲ್ಲ.

ಮೌಲವಿ ಅವನನ್ನು ಅಪ್ಪಿಕೊಂಡು ಕಣ್ಣೊರೆಸಿಕೊಂಡ. ಮಾತು ಹೊರಗೆ ಹೋಗಬಾರದೆಂದು ಅವರ ಮನೆಯ ಒಳಗೇ, ಇಬ್ಬರು ಹಿರಿಯರ ಎದುರಿಗೆ, ಕಲ್ಮಾ ಹೇಳಿಸಿ ಮತ್ತೊಮ್ಮೆ ನಿಕಾ ಓದಿದ. ಮಗಳ ಮದುವೆ ಮಾಡಿ ಕೊಟ್ಟ ಅಮೀನಾಬೀ ತನ್ನ ಗಂಡನಿಗೇ ಮತ್ತೆ ಮದುಮಗಳಾಗಿ ಅಡುಗೆಮನೆಯ ಮೂಲೆಯಲ್ಲಿ ಕೂತಳು. ಕಬೂಲೇ ಎಂದು ಕೇಳಿದಾಗ ಮೊದಲ ಸಲಕ್ಕಿಂತ ಹೆಚ್ಚು ನಾಚಿ, ಹೆಚ್ಚು ಹೆದರಿ, ಹೌದೆಂದಳು. ಉತ್ತತ್ತಿ ಹಂಚಿದರು. ಎಲ್ಲ ಸರಿಯಾಯಿತು ಎಂದು ಆಕೆಯ ಜೀವ ತಾನೇ ತನಗೆ ಹೇಳಿಕೊಳ್ಳುತ್ತಿತ್ತು.

ಗುರುವಾರ ಸಂಜೆ ನಜೀರಸಾಬ ಮೈ ತೊಳೆದು, ಆ ವಾರ ದೀಪ ಹಚ್ಚುವುದಿದ್ದ ಹುಸೇನಪ್ಪನ ಮನೆಯ ಕಡೆ ನಡೆದ. ಮಾಡಿದ್ದನ್ನು ಮುಚ್ಚಿಡಬೇಕೆಂದಲ್ಲ. ದೀಪದ ಮುಂದೆ ಇದ್ದದ್ದು ಇದ್ದಂತೆ ಹೇಳಿ, ಕೊಟ್ಟ ಮಾತನ್ನು ಮುರಿದೆನೆಂದು ಒಪ್ಪಿಕೊಂಡು, ಹೊರಗಿನ ಸಾಲಿನಲ್ಲಾದರೂ ಕೂಡಬೇಕೆಂದು ಅವನ ಆಸೆ. ಅಲ್ಲಿ ಯಾರನ್ನೂ ಹೊರಗೆ ಹಾಕುವುದಿಲ್ಲವಲ್ಲ. ಅಮೀನಾಬೀ ತಡೆಯಲು ಬಾಯಿ ತೆರೆದು, ಹಿಂದೆ ಒಮ್ಮೆ ತೆರೆದದ್ದರ ಫಲ ನೆನೆದು ಮುಚ್ಚಿಕೊಂಡಳು. ಹಚ್ಚಿದ ದೀಪದ ಎಣ್ಣೆ ಇಳಿಯುವ ಮೊದಲೇ ಅವನು ತಿರುಗಿ ಬಂದ. ಹುಸೇನಪ್ಪ ಹೊಸ್ತಿಲಲ್ಲಿ ಅಡ್ಡ ನಿಂತು, ಕೈಮುಗಿದೇ ಹೇಳಿದನಂತೆ:

"ಮಾಮಾ, ತಪ್ಪು ತಿಳೀಬ್ಯಾಡ್ರಿ. ಕೊಯ್ದ ಕೈ ಬೋಗುಣಿಗೆ ಹಚ್ಚಬಾರ್ದು ಅಂತ ಅಯ್ಯನ ಅಪ್ಪಣಿ ಆಗೇತಿ."

ಆ ಮರಿಯನ್ನು ಸಾಕಿ, ಕೊಬ್ಬಿಸಿ, ಕೊಯ್ಯುವವರಿಗೇ ಮಾರಿದ ಹುಸೇನಪ್ಪನ ಕೈ ಮಾತ್ರ ಹಸನಾಗಿತ್ತು. ಮಾರುವುದು ಬೇರೆ, ಕೊಯ್ಯುವುದು ಬೇರೆ ಇರಬಹುದು. ನಜೀರಸಾಬ ಇದನ್ನು ಎತ್ತಿ ಆಡಲಿಲ್ಲ, ನನಗೆ ಮಾತ್ರ ಆಡದೆ ಇರಲಾಗದು. ಅವನು ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಹೆಂಡತಿ ನೀರು ತಂದು ಕೊಟ್ಟಳು, ಕುಡಿದ.

"ಅಲ್ಲೂ ಬಾಗಲಾ ಐತಿ ನೋಡು ಅಮೀನಾ," ಎಂದ.

ಆಮೇಲೆ ನಜೀರಸಾಬ ಕೈಗೆ ಅರಿವೆ ಸುತ್ತಲಿಲ್ಲ. ಕರೆದವರ ಮನೆಗೆ ಹೋಗುವನು, ಕೊಯ್ಯುವನು, ತನ್ನ ಪಾಲು ತರುವನು. ಮೌಲವಿ ಹೈದರಾಬಾದಿಗೆ ಹೋದ ಮೇಲೆ ದೊಡ್ಡಿಯವರು ಮತ್ತೆ ಚೂರಿ ಓದಿಸಿಕೊಳ್ಳಲು ಬರತೊಡಗಿದರು, ಅವನು ಇಲ್ಲವೆನ್ನಲಿಲ್ಲ. ಮುಲ್ಲಾನ ಕೈ ಹುಷಾರಾಯಿತೆಂದು ಊರಿಗೆ ಸಂತೋಷ. ತಾನು ತಂದ ಮಾಂಸವನ್ನು ಅವನು ತಿನ್ನುತ್ತಿರಲಿಲ್ಲ ಎಂಬುದು ಅಮೀನಾಬೀಗೆ ಮಾತ್ರ ಗೊತ್ತು. ಅದಕ್ಕೂ ಆಕೆ ಹೊಂದಿಕೊಂಡಳು.

ಮಳೆಗಾಲ ಕಳೆದು ಒಂದು ಅಮಾವಾಸ್ಯೆ. ದೊಡ್ಡಿಯ ಕುರುಬನೊಬ್ಬ ಚೂರಿ ತಂದು ಕಟ್ಟೆಯ ಮೇಲೆ ಇಟ್ಟಿದ್ದ. ಅಮೀನಾಬೀ ಅವನಿಗೆ ಮಜ್ಜಿಗೆ ಕೊಡಲು ಹೊರಗೆ ಬಂದವಳು ಗಂಡನ ಮಗ್ಗುಲಲ್ಲಿಯೇ ನಿಂತಳು. ನಜೀರಸಾಬ ಚೂರಿಯನ್ನು ಬಾಯಿಯ ಹತ್ತಿರ ತಂದ, ಕಣ್ಣು ಮುಚ್ಚಿದ, ಊದಿದ. ತುಟಿ ಅಲುಗಲಿಲ್ಲ. ಬರಿ ಗಾಳಿ. ಆಕೆಯ ಕೈಯಲ್ಲಿನ ಚರಿಗೆ ಓರೆಯಾಗಿ ಮಜ್ಜಿಗೆ ನೆಲಕ್ಕೆ ಚೆಲ್ಲಿತು. ಮರುವಾರ ಪಕ್ಕದ ಮನೆಯಲ್ಲಿ ಕೋಳಿ ಕೊಯ್ಯುವಾಗ ಗೋಡೆಯ ಮೇಲಿಂದ ಇಣುಕಿದಳು. ಅಂದೂ ಅವನ ಬಾಯಿ ಹೊಲಿದಂತೆ ಮುಚ್ಚಿತ್ತು. ಆ ಸಂಜೆ, ಎಂದೂ ಇಲ್ಲದ ಧೈರ್ಯ ಮಾಡಿ ಕೇಳಿದಳು. ಅವನು ಸಿಟ್ಟಾಗಲಿಲ್ಲ, ನಾಚಲಿಲ್ಲ.

"ಹೇಳಾಕ ಬಾಯಿ ಬರವಲ್ದು," ಎಂದ. "ಆ ಬಕ್ರೀದ್ ದಿನ ಅಂಜಿ ಹೇಳಿದ್ನಲ್ಲಾ, ಅವತ್ತ ಮುಗೀತು."

ಹಾಗಾದರೆ ಊರು ಉಣ್ಣುತ್ತಿರುವುದು ಹೆಸರಿಲ್ಲದ ಮಾಂಸ. ಗೌಡರ ಆಳುಗಳು, ಬೇಡರ ಹರಕೆಯವರು, ದೊಡ್ಡಿಯ ಕುರುಬರು, ಮಸೀದಿಗೆ ಬರುವ ಹಿರಿಯರು, ಎಲ್ಲರೂ ತನ್ನ ಗಂಡನ ಬಾಯಿಯನ್ನು ನಂಬಿ ಉಣ್ಣುತ್ತಿದ್ದಾರೆ. ಆ ಬಾಯಿಯನ್ನು ಮುಚ್ಚಿಸಿದವಳು ತಾನು. ಹಿಂದಿನ ಅಂಜಿಕೆಯಾದರೂ ಅವನದು ಅರ್ಧ, ತನ್ನದು ಅರ್ಧವಿತ್ತು. ಇದು ಪೂರ್ತಿ ಅವಳೊಬ್ಬಳದೇ.

ಅದಾದ ಮೇಲೆ ಯಾರಾದರೂ ಚೂರಿ ತಂದರೆ ಅಮೀನಾಬೀ ಒಳಗಿನ ಕೆಲಸ ಬಿಟ್ಟು ಬಾಗಿಲ ಹಿಂದೆ ಬಂದು ನಿಲ್ಲುವಳು. ಗಂಡ ಊದುವ ಹೊತ್ತಿಗೆ ಸರಿಯಾಗಿ, ಸೆರಗಿನೊಳಗೆ, ತನ್ನ ಬಾಯಿಯಿಂದ ಬಿಸ್ಮಿಲ್ಲಾ ಎನ್ನುವಳು. ಅವನು ಹೊರಗೆ ಕೊಯ್ಯಲು ಹೋದರೆ, ಈಗ ಮನೆ ಮುಟ್ಟಿರಬೇಕು, ಈಗ ಕಾಲು ಕಟ್ಟಿರಬೇಕು ಎಂದು ಲೆಕ್ಕ ಹಾಕಿ, ಒಲೆಯ ಮುಂದೆ ಕೂತಲ್ಲಿಂದಲೇ ಹೇಳುವಳು. ಹೊತ್ತು ತಪ್ಪೀತೆಂದು ಹೆದರಿ ಮತ್ತೆ ಮತ್ತೆ ಹೇಳುವಳು. ನೆರೆಯವರು ಮುಲ್ಲಾನ ಹೆಂಡತಿಗೆ ಈಗ ದೈವಭಕ್ತಿ ಹೆಚ್ಚಿದೆ ಎಂದರು. ಮುಂದೆ ರಜಾಕಾರರ ಗದ್ದಲ ಬಂತು, ಅದರ ಬೆನ್ನಿಗೆ ಪೊಲೀಸ್ ಕಾರ್ಯಾಚರಣೆ ಬಂತು. ಆ ದಿನಗಳಲ್ಲಿ ಅಂಜದವರು ಯಾರೂ ಇರಲಿಲ್ಲ, ಅದು ಊರಿಗೆಲ್ಲ ಹಂಚಿಹೋದ ಅಂಜಿಕೆ. ಅಮೀನಾಬೀ ಅದರ ನಡುವೆಯೂ ಒಂದು ಚೂರಿಯನ್ನೂ ತಪ್ಪಿಸಲಿಲ್ಲ.

ಬಾಗಿಲ ಹಿಂದಿನ ಒಬ್ಬ ಹೆಂಗಸಿನ ಬಾಯಿಯ ಹೆಸರು ಕಟ್ಟೆಯ ಮೇಲಿನ ಚೂರಿಗೆ ಮುಟ್ಟುತ್ತದೋ ಇಲ್ಲವೋ, ಆಕೆಗೆ ಗೊತ್ತಿರಲಿಲ್ಲ. ಮುಟ್ಟದಿದ್ದರೆ ಇಷ್ಟು ವರ್ಷ ಊರು ಉಂಡದ್ದೆಲ್ಲ ತನ್ನ ಕೊರಳಿಗೇ ಎಂದು ಒಮ್ಮೊಮ್ಮೆ ಕೈಯಲ್ಲಿನ ತುತ್ತು ಅಲ್ಲಿಯೇ ನಿಲ್ಲುತ್ತಿತ್ತು. ತಿಳಿದವರು ಕುಷ್ಟಗಿಯಲ್ಲಿ ಇದ್ದರು, ಕೊಪ್ಪಳದಲ್ಲಿ ಇದ್ದರು. ಹೋಗಿ ಕೇಳಬಹುದಿತ್ತು. ಆಕೆ ಹೋಗಲಿಲ್ಲ, ಒಮ್ಮೆ ಕೇಳಿ ನೋಡಿದ್ದಳು.